ಮುತ್ತು ಕಟ್ಟುವಿಕೆ: ಒಂದು ಆಚಾರವೂ ಎರಡು ಶಾಸನಗಳೂ

ಪೋಣಿಸಿದ ಮಣಿಗಳು ಸರವೆನಿಸುವುದು ಕೊನೆಯ ಗಂಟಿನಿಂದ. ಸವದತ್ತಿಯ ಎಲ್ಲಮ್ಮನ ಭಕ್ತವಲಯದಲ್ಲಿ ಈ ಗಂಟಿಗೆ ಬೇರೊಂದು ಅರ್ಥವೂ ಸಂದಿತ್ತು. ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟಿದೊಡನೆ ಬಾಲಿಕೆಯು ದೇವಿಗೆ ಸಮರ್ಪಿತಳಾಗುತ್ತಿದ್ದಳು. ಮುಂದೆ ಆಕೆಗೆ ಮದುವೆಯಿಲ್ಲ. ಇದನ್ನೇ ಜನರು ‘ಮುತ್ತು ಕಟ್ಟುವುದು’ ಎಂದರು. ಈ ‘ಮುತ್ತು’ ಕಡಲ ಮುತ್ತಲ್ಲ, ಅಗ್ಗದ ಮಣಿ. ಇದಕ್ಕೆ ಹೆಚ್ಚಾಗಿ ಈಡಾದವರು ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳು.

1934ರ ಮುಂಬಯಿ ದೇವದಾಸಿ ಸಂರಕ್ಷಣಾ ಶಾಸನವು ಸಮರ್ಪಣೆಯನ್ನು ನಿಷೇಧಿಸಿ, ಸಮರ್ಪಿತಳಾದವಳ ವಿವಾಹವೂ ಸಿಂಧುವೆಂದು ಸಾರಿತು. ಸವದತ್ತಿ, ಬೈಲಹೊಂಗಲ, ಕಿತ್ತೂರುಗಳು ಬ್ರಿಟಿಷ್ ಆಡಳಿತದ ಬೆಳಗಾವಿ ಜಿಲ್ಲೆಯಲ್ಲಿದ್ದುದರಿಂದ ಅವು ಅದರ ವ್ಯಾಪ್ತಿಗೆ ಬಂದವು. ನೆರೆಯ ರಾಮದುರ್ಗವಾದರೋ 1948ರಲ್ಲಿ ವಿಲೀನವಾಗುವವರೆಗೆ ದೇಶೀ ಸಂಸ್ಥಾನ. ಮುಂಬಯಿಯ ಶಾಸನ ಅಲ್ಲಿಗೆ ತಾನಾಗಿ ಸಲ್ಲುತ್ತಿರಲಿಲ್ಲ. ಒಂದೇ ದೇವಿಯ ಒಕ್ಕಲು ಹೀಗೆ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು.

1982ರ ಕರ್ನಾಟಕ ಶಾಸನವು ಯಾವ ಹೆಸರಿನಿಂದ ನಡೆದರೂ ಸಮರ್ಪಣೆಯ ವಿಧಿಯನ್ನು ಅಪರಾಧವೆಂದಿತು. ವಿಧಿ ನಡೆಸಿದವರಿಗೆ ಮೂರು ವರ್ಷಗಳವರೆಗೆ ಸೆರೆ. ಅಪರಾಧಿಯು ತಾಯಿ, ತಂದೆ ಅಥವಾ ಪೋಷಕನಾದರೆ ಎರಡರಿಂದ ಐದು ವರ್ಷ. ಈ ಭೇದವು ಗಮನಾರ್ಹವಾದುದು. ಮಗುವನ್ನು ಒಪ್ಪಿಸುತ್ತಿದ್ದುದು ಮನೆಯೇ ಎಂಬುದನ್ನು ಶಾಸನಕಾರರು ಕಂಡಿದ್ದರು. ಆದುದರಿಂದ ಈ ಆಚಾರದ ಇತಿಹಾಸವನ್ನು ಗುಡಿಯಲ್ಲಷ್ಟೇ ಅರಸಿದರೆ ಸಾಲದು. ಹರಕೆಗೂ ಬಡತನಕ್ಕೂ ಕಟ್ಟುಬಿದ್ದ ಮನೆಗಳಲ್ಲಿಯೂ ಅರಸಬೇಕು.