ಬ್ರಿಟಿಷ್ ವಿನೋದಚಿತ್ರಗಳ ಐತಿಹಾಸಿಕ ಮೌಲ್ಯ

ಇತಿಹಾಸದ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ ಮತ್ತು ಪ್ರವಾಸಿಗಳ ಬರಹ. ಜನರು ನೋಡಿ, ನಕ್ಕು, ಮರೆತ ಚಿತ್ರಗಳನ್ನು ಆ ಸಾಲಿನಲ್ಲಿ ಸೇರಿಸಲು ನಾವು ಹಿಂಜರಿಯುತ್ತೇವೆ. ರಾಜಾಜ್ಞೆಗೆ ಇರುವ ಗಾಂಭೀರ್ಯ ಅರ್ಧ ಪೆನ್ನಿಯ ಅಂಚೆ ಕಾರ್ಡಿಗೆ ಎಲ್ಲಿಂದ ಬರಬೇಕು? ಆದರೂ ಒಂದು ಸಮಾಜವು ಯಾವುದನ್ನು ಗೌರವಿಸಿತೆಂಬುದನ್ನು ಶಾಸನಗಳು ತಿಳಿಸಿದರೆ, ಅದು ಯಾವುದನ್ನು ಕಂಡು ನಕ್ಕಿತೆಂಬುದನ್ನು ತಿಳಿಯಲು ಬೇರೆ ಸಾಕ್ಷ್ಯವೇ ಬೇಕು. ಪ್ರಕೃತ ಲೇಖನದಲ್ಲಿ ಬ್ರಿಟನ್ನಿನ ಮೂರು ಬಗೆಯ ವಿನೋದಚಿತ್ರಗಳನ್ನು, ಎಂದರೆ ರಾಜಕೀಯ ವ್ಯಂಗ್ಯಚಿತ್ರ, ಕಡಲತೀರದ ಅಂಚೆ ಕಾರ್ಡು ಹಾಗೂ ಮನುಷ್ಯರಂತೆ ವರ್ತಿಸುವ ಪ್ರಾಣಿಗಳ ಚಿತ್ರ ಇವನ್ನು ತೆಗೆದುಕೊಂಡು, ಇತಿಹಾಸಕಾರನು ಅವುಗಳಿಂದ ಏನನ್ನು ಪಡೆಯಬಹುದು, ಎಲ್ಲಿ ಮೋಸಹೋಗಬಹುದು ಎಂಬುದನ್ನು ಪರಿಶೀಲಿಸಿದೆ.

೧

ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹೋಗಾರ್ತನು (೧೬೯೭–೧೭೬೪) ಲಂಡನ್ನಿನ ದುರಾಚಾರಗಳನ್ನು ತಾಮ್ರಫಲಕಗಳಲ್ಲಿ ಕೊರೆದು ಅಚ್ಚು ಹಾಕಿಸಿದನು. ಅವನ ತರುವಾಯ ಬಂದ ಜೇಮ್ಸ್ ಗಿಲ್‌ರೇ (೧೭೫೬–೧೮೧೫) ಈ ಕಲೆಯನ್ನು ರಾಜಕೀಯದ ಆಯುಧವನ್ನಾಗಿ ಮಾಡಿದನು. ೧೮೦೫ರ ಒಂದು ಚಿತ್ರದಲ್ಲಿ ಪ್ರಧಾನಿ ಪಿಟ್ ಮತ್ತು ನೆಪೋಲಿಯನ್ ಇಬ್ಬರೂ ಮೇಜಿನ ಎದುರುಬದುರು ಕುಳಿತು, ಭೂಗೋಳದ ಆಕಾರದ ಕಡುಬೊಂದನ್ನು ಕತ್ತರಿಸಿ ತಮ್ಮ ತಮ್ಮ ತಟ್ಟೆಗೆ ಎಳೆದುಕೊಳ್ಳುತ್ತಿದ್ದಾರೆ. ಆ ಯುಗದ ಸಾಮ್ರಾಜ್ಯದಾಹವನ್ನು ಹೀಗೆ ಒಂದೇ ನೋಟದಲ್ಲಿ ತೋರಿಸುವ ಲಿಖಿತ ದಾಖಲೆ ದೊರೆಯುವುದು ಕಷ್ಟ.

ಗಿಲ್‌ರೇಯ ಇನ್ನೊಂದು ಚಿತ್ರ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದುದು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಮೇಲುಗೈ ಪಡೆದರೂ ಶ್ರೀರಂಗಪಟ್ಟಣವನ್ನು ಮುತ್ತಲಾರದೆ ಹೋದನು. ಆಹಾರ ತೀರಿತ್ತು, ಎತ್ತುಗಳು ಸಾಯುತ್ತಿದ್ದವು, ಮಳೆ ಹಿಡಿದಿತ್ತು. ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಹಿಮ್ಮೆಟ್ಟಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗಿಲ್‌ರೇಯ ಚಿತ್ರದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕತ್ತೆಯ ಮೇಲೆ ಕುಳಿತು ಓಡುತ್ತಿದ್ದಾನೆ. ಕೋಟೆಯ ಮೇಲೆ ನಿಂತ ಟೀಪು ಸುಲ್ತಾನನು, ಹೇಳಲು ಸಂಕೋಚಪಡಬೇಕಾದ ರೀತಿಯಲ್ಲಿ, ಓಡುವವರ ಮೇಲೆ ತನ್ನದೇ ಒಂದು ಮಳೆಯನ್ನು ಸುರಿಸುತ್ತಿದ್ದಾನೆ. ಚಿತ್ರದ ಶೀರ್ಷಿಕೆಯಲ್ಲಿ ಬರುವ ಮುಂಗಾರಿನ ಪ್ರಸ್ತಾಪಕ್ಕೆ ಇದೇ ಅರ್ಥ.

೧೭೯೨ರ ಒಪ್ಪಂದವಾದ ಮೇಲೆ ದೃಶ್ಯ ಬದಲಾಯಿತು. ಟೀಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಸ್ವೀಕರಿಸುವ ಕಾರ್ನ್‌ವಾಲಿಸನನ್ನು ದಯಾಳುವಾದ ತಂದೆಯಂತೆ ತೋರಿಸುವ ಭವ್ಯ ವರ್ಣಚಿತ್ರಗಳನ್ನು ರಾಬರ್ಟ್ ಹೋಮ್, ಮೇದರ್ ಬ್ರೌನ್ ಮೊದಲಾದವರು ರಚಿಸಿದರು. ನಮ್ಮ ಪಠ್ಯಪುಸ್ತಕಗಳಿಗೆ ಬಂದು ಸೇರಿದ್ದು ಬಹುಮಟ್ಟಿಗೆ ಈ ಎರಡನೆಯ ಜಾತಿಯ ಚಿತ್ರಗಳೇ. ಆದಕಾರಣ ಬ್ರಿಟಿಷ್ ಜನತೆ ಮೈಸೂರು ಯುದ್ಧಗಳನ್ನು ಆದ್ಯಂತವಾಗಿ ಹೆಮ್ಮೆಯಿಂದಲೇ ನೋಡುತ್ತಿತ್ತೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಳಿಯುವುದು ಸಹಜ. ೧೭೯೧ರ ಕತ್ತೆ ಆ ಭಾವನೆಯನ್ನು ತಿದ್ದುತ್ತದೆ. ಜಯದ ಚಿತ್ರ ಜಯವಾದ ಮೇಲೆ ಬರೆದದ್ದು. ನಗೆಯ ಚಿತ್ರ ಫಲಿತಾಂಶ ತಿಳಿಯುವ ಮೊದಲೇ ಬರೆದದ್ದು. ಇತಿಹಾಸಕಾರನಿಗೆ ಈ ವ್ಯತ್ಯಾಸ ಬಹು ಮುಖ್ಯವಾದುದು.

೨

ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಂಗ್ಯಚಿತ್ರವು ಬಿಡಿ ಹಾಳೆಯಿಂದ ವಾರಪತ್ರಿಕೆಗೆ ಸಾಗಿತು. ‘ಪಂಚ್’ ಪತ್ರಿಕೆ ೧೮೪೧ರ ಜುಲೈ ೧೭ರಂದು ಲಂಡನ್ನಿನಲ್ಲಿ ಆರಂಭವಾಯಿತು. ಅದರ ಹೆಸರು ಬೀದಿಯ ಬೊಂಬೆಯಾಟದ ನಾಯಕನಿಂದ ಬಂದುದು. ಇಂಗ್ಲಿಷಿನಲ್ಲಿ ವ್ಯಂಗ್ಯಚಿತ್ರಕ್ಕೆ ‘ಕಾರ್ಟೂನ್’ ಎಂಬ ಹೆಸರು ಬಂದುದೂ ಈ ಪತ್ರಿಕೆಯಿಂದಲೇ. ಮೂಲತಃ ಆ ಶಬ್ದಕ್ಕೆ ಭಿತ್ತಿಚಿತ್ರಕ್ಕಾಗಿ ದಪ್ಪ ಕಾಗದದ ಮೇಲೆ ಬರೆದುಕೊಂಡ ಪೂರ್ವರೇಖನವೆಂದು ಅರ್ಥ. ೧೮೩೪ರಲ್ಲಿ ಸುಟ್ಟುಹೋದ ಪಾರ್ಲಿಮೆಂಟ್ ಭವನವನ್ನು ಮತ್ತೆ ಕಟ್ಟುತ್ತಿದ್ದಾಗ, ಅದರ ಗೋಡೆಗಳಿಗಾಗಿ ತಯಾರಾದ ಇಂತಹ ರೇಖನಗಳನ್ನು ೧೮೪೩ರಲ್ಲಿ ಪ್ರದರ್ಶನಕ್ಕಿಟ್ಟರು. ಆಗ ‘ಪಂಚ್’ ಪತ್ರಿಕೆಯ ಜಾನ್ ಲೀಚನು ತನ್ನದೊಂದು ‘ಕಾರ್ಟೂನ’ನ್ನು ಬರೆದನು: ಹರಿದ ಬಟ್ಟೆಯ ಬಡವರು, ಗೋಡೆಯ ಮೇಲೆ ತೂಗುಹಾಕಿದ ಶ್ರೀಮಂತರ ಭಾವಚಿತ್ರಗಳನ್ನು ನೋಡುತ್ತ ನಿಂತಿದ್ದಾರೆ. ಹಸಿದವರಿಗೆ ಸರ್ಕಾರವು ಚಿತ್ರಗಳನ್ನು ಬಡಿಸುತ್ತಿದೆ ಎಂಬುದು ಅದರ ತಾತ್ಪರ್ಯ.

ಆದರೆ ಬಡವರ ಪಕ್ಷವನ್ನು ವಹಿಸಿದ ಆ ಲೇಖನಿ ಎಲ್ಲ ಕಾಲಕ್ಕೂ ದುರ್ಬಲರ ಪಕ್ಷದಲ್ಲಿಯೇ ನಿಲ್ಲಲಿಲ್ಲ. ಅರ್ಧಶತಮಾನ ಕಾಲ ‘ಪಂಚ್’ಗೆ ಚಿತ್ರ ಬರೆದ ಜಾನ್ ಟೆನಿಯಲ್, ‘ಆಲಿಸ್’ ಕಥೆಯ ಮೊಲ ಬೆಕ್ಕುಗಳಿಗೆ ೧೮೬೫ರಲ್ಲಿ ರೂಪ ಕೊಟ್ಟ ಅದೇ ಕಲಾವಿದ, ೧೮೫೭ರ ಆಗಸ್ಟ್ ೨೨ರ ಸಂಚಿಕೆಯಲ್ಲಿ ಬಂಗಾಳದ ಹುಲಿಯ ಮೇಲೆ ಎರಗುವ ಬ್ರಿಟಿಷ್ ಸಿಂಹವನ್ನು ಚಿತ್ರಿಸಿದನು. ಹುಲಿಯ ಕಾಲಡಿಯಲ್ಲಿ ಸ್ತ್ರೀಯೂ ಶಿಶುವೂ ಬಿದ್ದಿದ್ದಾರೆ. ದಂಗೆಯ ಸುದ್ದಿಯಿಂದ ಕುದಿಯುತ್ತಿದ್ದ ಓದುಗರಿಗೆ ಇದು ಸೇಡಿನ ಕರೆಯಾಗಿ ಪರಿಣಮಿಸಿತು.

ಈ ಸಿಂಹ ಮತ್ತು ಹುಲಿಗಳ ಪೂರ್ವವೃತ್ತಾಂತ ಗಮನಾರ್ಹವಾದುದು. ಹುಲಿ ಟೀಪುವಿನ ಲಾಂಛನ. ಆಂಗ್ಲ ಸೈನಿಕನನ್ನು ಕೆಡವಿ ಕಚ್ಚುವ ಅವನ ಮರದ ಹುಲಿ ಈಗಲೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಯುದ್ಧದಲ್ಲಿ ಭಾಗವಹಿಸಿದವರಿಗೆ ಕೊಡಲು ಟಂಕಿಸಿದ ಪದಕದ ಮೇಲೆ ಸಿಂಹವು ಹುಲಿಯನ್ನು ಕೆಡವಿರುವ ಚಿತ್ರವಿದೆ. ಟೀಪುವಿನ ಸಂಕೇತವನ್ನು ಬ್ರಿಟಿಷರು ತಿರುಗಿಸಿ ತಮ್ಮದನ್ನಾಗಿ ಮಾಡಿಕೊಂಡರು. ೧೮೫೭ರ ಹೊತ್ತಿಗೆ ಅದೇ ಜೋಡಿ ವಾರಪತ್ರಿಕೆಯ ಪುಟವನ್ನು ತಲಪಿತ್ತು. ಮೈಸೂರಿನ ಹುಲಿ ಬಂಗಾಳದ್ದಾಗಿತ್ತು. ಒಬ್ಬ ಅರಸನ ಗುರುತಾಗಿದ್ದುದು ಒಂದು ಇಡೀ ಜನಾಂಗದ ಮೇಲೆ ಹೊರಿಸಿದ ಕ್ರೌರ್ಯದ ಗುರುತಾಗಿತ್ತು. ಇದೇ ಪತ್ರಿಕೆ ಐರಿಷ್ ಬಂಡಾಯಗಾರರನ್ನು ಕಪಿಮುಖದವರನ್ನಾಗಿ ಚಿತ್ರಿಸಿತು. ಮನುಷ್ಯನನ್ನು ಪ್ರಾಣಿಯನ್ನಾಗಿ ಬರೆಯುವುದು ಕೇವಲ ತಮಾಷೆಯಲ್ಲ. ಅವನ ಮೇಲೆ ಮಾಡಲಿರುವುದನ್ನು ಮೊದಲೇ ಸಮರ್ಥಿಸಿಕೊಳ್ಳುವ ಉಪಾಯವೂ ಆಗಬಲ್ಲುದು.

೩

‘ಪಂಚ್’ ವಿದ್ಯಾವಂತ ಮಧ್ಯಮವರ್ಗದ ಪತ್ರಿಕೆ. ಕಾರ್ಮಿಕವರ್ಗದ ನಗೆಯನ್ನು ಬೇರೆ ಕಡೆ ಹುಡುಕಬೇಕು. ಬ್ರಿಟನ್ನಿನಲ್ಲಿ ಅಂಚೆ ಕಾರ್ಡು ೧೮೭೦ರ ಅಕ್ಟೋಬರ್ ೧ರಂದು ಅರ್ಧ ಪೆನ್ನಿಯ ಬೆಲೆಗೆ ಬಂದಿತು. ಅದೇ ವರ್ಷ ಪ್ರಾಥಮಿಕ ಶಿಕ್ಷಣದ ಕಾಯಿದೆ, ಮರುವರ್ಷ ಬ್ಯಾಂಕ್ ರಜೆಗಳ ಕಾಯಿದೆ ಜಾರಿಗೆ ಬಂದವು. ೧೮೯೪ರಲ್ಲಿ ಖಾಸಗಿಯವರು ಚಿತ್ರದ ಕಾರ್ಡುಗಳನ್ನು ಅಚ್ಚುಮಾಡಲು ಅನುಮತಿ ದೊರೆಯಿತು. ೧೯೦೨ರಿಂದ ಹಿಂಬದಿಯನ್ನು ಇಬ್ಭಾಗಿಸಿ, ಒಂದು ಕಡೆ ವಿಳಾಸ, ಇನ್ನೊಂದು ಕಡೆ ಒಕ್ಕಣೆ ಬರೆಯುವ ಏರ್ಪಾಡಾದುದರಿಂದ ಮುಂಬದಿ ಪೂರ್ತಿಯಾಗಿ ಚಿತ್ರಕ್ಕೆ ಮೀಸಲಾಯಿತು. ಅಕ್ಷರ, ರಜೆ, ರೈಲು, ಅಗ್ಗದ ಅಂಚೆ ಇವು ನಾಲ್ಕೂ ಕೂಡಿದಾಗ, ಬ್ಲ್ಯಾಕ್‌ಪೂಲ್ ಮಾರ್ಗೇಟ್‌ಗಳ ಕಡಲತೀರದಲ್ಲಿ ವಿನೋದದ ಕಾರ್ಡು ಹುಟ್ಟಿತು.

ಈ ಕಾರ್ಡುಗಳ ಅತ್ಯಂತ ಪ್ರಸಿದ್ಧ ಚಿತ್ರಕಾರ ಡೊನಾಲ್ಡ್ ಮೆಕ್‌ಗಿಲ್ (೧೮೭೫–೧೯೬೨). ನೌಕಾನಿರ್ಮಾಣದ ನಕ್ಷೆಗಾರನಾಗಿದ್ದ ಈತನು ೧೯೦೪ರ ಸುಮಾರಿನಿಂದ ಸಾವಿರಾರು ಕಾರ್ಡುಗಳನ್ನು ಬರೆದನು. ದಢೂತಿ ಹೆಂಡತಿ, ಬಡಕಲು ಗಂಡ, ಕೆಂಪು ಮೂಗಿನ ಕುಡುಕ, ಏನೂ ಅರಿಯದ ಪಾದ್ರಿ ಇವರೇ ಅವನ ಪಾತ್ರಗಳು. ಇಬ್ಬಗೆಯ ಅರ್ಥದ ಮಾತೇ ಅವನ ಬಂಡವಾಳ. ೧೯೪೧ರಲ್ಲಿ ಜಾರ್ಜ್ ಆರ್ವೆಲ್ ಈ ಕಾರ್ಡುಗಳನ್ನು ಕುರಿತು ಪ್ರಬಂಧವೊಂದನ್ನು ಬರೆದು, ಅವುಗಳ ಅಶ್ಲೀಲತೆಯ ಹಿಂದೆ ವಿವಾಹಸಂಸ್ಥೆಯಲ್ಲಿ ದೃಢವಾದ ನಂಬಿಕೆಯುಳ್ಳ ಒಂದು ಸಮಾಜ ಇದೆಯೆಂದು ವಾದಿಸಿದನು. ಮದುವೆಯನ್ನು ಗಂಭೀರವಾಗಿ ಭಾವಿಸದ ಕಡೆ ಗಂಡಹೆಂಡಿರ ನಗೆಹನಿಗೆ ಕಾವು ಇರುವುದಿಲ್ಲವೆಂಬುದು ಅವನ ಆಶಯ.

ಆರ್ವೆಲ್ಲನ ವಿಶ್ಲೇಷಣೆ ಸೂಕ್ಷ್ಮವಾದುದು. ಆದರೆ ನ್ಯಾಯಾಲಯ ಅದಕ್ಕೆ ಮಣಿಯಲಿಲ್ಲ. ೧೯೫೪ರ ಜುಲೈ ತಿಂಗಳಲ್ಲಿ, ಎಪ್ಪತ್ತೊಂಬತ್ತರ ಮೆಕ್‌ಗಿಲ್ಲನು ಲಿಂಕನ್ ಪಟ್ಟಣದಲ್ಲಿ ೧೮೫೭ರ ಅಶ್ಲೀಲ ಪ್ರಕಟಣೆಗಳ ಕಾಯಿದೆಯಂತೆ ವಿಚಾರಣೆಗೆ ಗುರಿಯಾದನು. ಐವತ್ತು ಪೌಂಡು ದಂಡ, ಇಪ್ಪತ್ತೈದು ಪೌಂಡು ಖರ್ಚು ತೆರಬೇಕಾಯಿತು. ಹಣ ದೊಡ್ಡದಲ್ಲ, ಆದರೆ ಕಾರ್ಡು ಪ್ರಕಟಿಸುವ ಸಣ್ಣ ವ್ಯಾಪಾರಿಗಳಿಗೆ ಇಂತಹ ಮೊಕದ್ದಮೆಗಳಿಂದ ದೊಡ್ಡ ಪೆಟ್ಟು ಬಿದ್ದಿತು. ಆಂಗ್ಲರು ತಮ್ಮನ್ನು ತಾವೇ ನಕ್ಕುಕೊಳ್ಳುವ ಉದಾರಿಗಳೆಂಬ ಪ್ರಸಿದ್ಧಿಯನ್ನು ಈ ಮೊಕದ್ದಮೆಯ ಪಕ್ಕದಲ್ಲಿಟ್ಟು ನೋಡಬೇಕು. ಯಾರು ಯಾವ ಬೆಲೆಯ ಕಾಗದದ ಮೇಲೆ ನಗುತ್ತಿದ್ದಾರೆಂಬುದನ್ನು ನೋಡಿಯೇ ಕಾನೂನು ತನ್ನ ಔದಾರ್ಯವನ್ನು ಅಳೆಯುತ್ತಿದ್ದಂತೆ ತೋರುತ್ತದೆ.

೪

ಮೂರನೆಯದು ಬೆಕ್ಕಿನ ಕಥೆ. ಲೂಯಿ ವೇನ್ (೧೮೬೦–೧೯೩೯) ಎಂಬ ಲಂಡನ್ನಿನ ಚಿತ್ರಕಾರನು ೧೮೮೪ರಲ್ಲಿ ಎಮಿಲಿ ರಿಚರ್ಡ್‌ಸನ್ ಎಂಬಾಕೆಯನ್ನು ಮದುವೆಯಾದನು. ಆಕೆ ಕ್ಯಾನ್ಸರ್ ವ್ಯಾಧಿಗೆ ತುತ್ತಾದಾಗ, ಹಾಸಿಗೆ ಹಿಡಿದ ಹೆಂಡತಿಯನ್ನು ನಗಿಸಲು ಮನೆಯ ಬೆಕ್ಕು ಪೀಟರನ ಚಿತ್ರಗಳನ್ನು ಬರೆಯತೊಡಗಿದನು. ೧೮೮೬ರ ಕ್ರಿಸ್‌ಮಸ್ ಕಾಲಕ್ಕೆ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಅವನ ಮರಿಬೆಕ್ಕುಗಳ ಔತಣದ ಚಿತ್ರ ಪ್ರಕಟವಾಯಿತು. ನೂರೈವತ್ತರಷ್ಟು ಬೆಕ್ಕುಗಳು ಅದರಲ್ಲಿದ್ದವು. ಮರುವರ್ಷ ಎಮಿಲಿ ತೀರಿಕೊಂಡಳು. ವೇನನ ಬೆಕ್ಕುಗಳು ಮಾತ್ರ ಕ್ರಮೇಣ ಎದ್ದು ಎರಡು ಕಾಲಿನ ಮೇಲೆ ನಿಂತವು, ಬಟ್ಟೆ ತೊಟ್ಟವು, ಚಹಾ ಕುಡಿದವು, ಗಾಲ್ಫ್ ಆಡಿದವು. ನೂರಾರು ಅಂಚೆ ಕಾರ್ಡುಗಳ ಮೇಲೆ ಮನೆಮನೆಗೂ ಹೋದವು. ಇಲಿ ಹಿಡಿಯುವ ಪ್ರಾಣಿಯೆಂದಷ್ಟೇ ಎಣಿಸುತ್ತಿದ್ದ ಬೆಕ್ಕು, ೧೮೭೧ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಪ್ರದರ್ಶನದ ತರುವಾಯ ಮಧ್ಯಮವರ್ಗದ ಮುದ್ದಿನ ಪ್ರಾಣಿಯಾಗುತ್ತಿದ್ದ ಕಾಲವದು. ೧೮೯೦ರಲ್ಲಿ ವೇನನು ರಾಷ್ಟ್ರೀಯ ಬೆಕ್ಕುಗಳ ಸಂಘದ ಅಧ್ಯಕ್ಷನಾದನು.

ಆದರೆ ಚಿತ್ರಗಳ ಹಕ್ಕನ್ನು ಉಳಿಸಿಕೊಳ್ಳದೆ ಮಾರಿಬಿಡುತ್ತಿದ್ದ ವೇನನಿಗೆ ಹಣ ನಿಲ್ಲಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಬೇಡಿಕೆಯೂ ಇಳಿಯಿತು. ೧೯೨೪ರಲ್ಲಿ ಅವನನ್ನು ಬುದ್ಧಿಭ್ರಮಣೆಯಾದವನೆಂದು ನಿರ್ಣಯಿಸಿ ಬಡರೋಗಿಗಳ ವಿಭಾಗಕ್ಕೆ ಸೇರಿಸಿದರು. ಮರುವರ್ಷ ಅಭಿಮಾನಿಗಳು ಗುರುತಿಸಿ, ಎಚ್. ಜಿ. ವೆಲ್ಸ್ ಮೊದಲಾದವರ ನೆರವಿನಿಂದ ಉತ್ತಮವಾದ ಆಸ್ಪತ್ರೆಗೆ ಸಾಗಿಸಿದರು. ಕೊನೆಯ ವರ್ಷಗಳನ್ನು ಅವನು ನ್ಯಾಪ್ಸ್‌ಬರಿ ಆಸ್ಪತ್ರೆಯಲ್ಲಿ ಚಿತ್ರ ಬರೆಯುತ್ತಲೇ ಕಳೆದನು.

ಇಲ್ಲಿಂದ ಮುಂದಿನದು ಇತಿಹಾಸಕಾರನಿಗೆ ಪಾಠವಾಗಬೇಕಾದ ಸಂಗತಿ. ೧೯೩೯ರಲ್ಲಿ ವಾಲ್ಟರ್ ಮೆಕ್ಲೇ ಎಂಬ ಮನೋವೈದ್ಯನು ಅಂಗಡಿಯೊಂದರಲ್ಲಿ ವೇನನ ಎಂಟು ಬೆಕ್ಕಿನ ಚಿತ್ರಗಳನ್ನು ಕಂಡು ಕೊಂಡುಕೊಂಡನು. ಕೆಲವು ಸಹಜವಾದ ಬೆಕ್ಕುಗಳು. ಕೆಲವು ಹೊಳೆಯುವ ಬಣ್ಣದ, ರಂಗೋಲಿಯಂತೆ ಚೂರುಚೂರಾದ ಆಕೃತಿಗಳು. ಸಹಜವಾದುದನ್ನು ಮೊದಲಿಟ್ಟು, ವಿಚಿತ್ರವಾದುದನ್ನು ಕೊನೆಗಿಟ್ಟು, ಮನೋರೋಗವು ಹೆಜ್ಜೆಹೆಜ್ಜೆಯಾಗಿ ಕಲಾವಿದನ ಮನಸ್ಸನ್ನು ಒಡೆದ ಕ್ರಮವಿದೆಂದು ಅವನು ಪ್ರತಿಪಾದಿಸಿದನು. ದಶಕಗಳ ಕಾಲ ಮನಶ್ಶಾಸ್ತ್ರದ ಪಠ್ಯಪುಸ್ತಕಗಳು ಈ ಸಾಲನ್ನು ಅಚ್ಚುಹಾಕಿದವು. ಆದರೆ ಆ ಚಿತ್ರಗಳ ಮೇಲೆ ತೇದಿಗಳೇ ಇರಲಿಲ್ಲ! ಕಡೆಗಾಲದಲ್ಲಿಯೂ ವೇನನು ಹಳೆಯ ರೀತಿಯ ಬೆಕ್ಕುಗಳನ್ನು ಬರೆಯುತ್ತಿದ್ದನೆಂಬುದು ಮುಂದೆ ಸ್ಪಷ್ಟವಾಯಿತು. ಬಟ್ಟೆಯ ವ್ಯಾಪಾರ ಮತ್ತು ಕಸೂತಿಯ ಪರಿಚಯವಿದ್ದ ಮನೆಯಲ್ಲಿ ಬೆಳೆದವನು ವಿನ್ಯಾಸಗಳನ್ನು ಬರೆದುದು ರೋಗವೇ ಆಗಬೇಕಿಲ್ಲ. ವೈದ್ಯನು ತನಗೆ ಬೇಕಾದ ಕಥೆಯನ್ನು ಮೊದಲು ಕಟ್ಟಿ, ಸಾಕ್ಷ್ಯವನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದನು. ತೇದಿಯಿಲ್ಲದ ಶಾಸನಗಳನ್ನು ಲಿಪಿಯ ಆಧಾರದಿಂದ ಮಾತ್ರ ಸಾಲುಗೂಡಿಸುವ ನಾವೂ ಇದನ್ನು ಮರೆಯುವಂತಿಲ್ಲ.

೫

ಮೇಲಿನ ಪರ್ಯಾಲೋಚನೆಯಿಂದ ಮೂರು ಅಂಶಗಳು ವಿಶದವಾಗುತ್ತವೆ. ವಿನೋದಚಿತ್ರದ ಕಾಲವನ್ನು ನಿರ್ಧರಿಸದೆ ಅದರ ಅರ್ಥವನ್ನು ನಿರ್ಧರಿಸಕೂಡದು. ಅದನ್ನು ಕೊಂಡವರು ಯಾರೆಂದು ತಿಳಿಯದೆ, ಅದು ಇಡೀ ಜನತೆಯ ಅಭಿಪ್ರಾಯವೆಂದು ಹೇಳಕೂಡದು. ಕೊನೆಯದಾಗಿ, ನಗೆಗೆ ಗುರಿಯಾದವನು ನಗುವವನಿಗಿಂತ ಬಲಿಷ್ಠನೋ ದುರ್ಬಲನೋ ಎಂಬುದನ್ನು ಕೇಳಲೇಬೇಕು. ಕತ್ತೆಯ ಮೇಲಿನ ಕಾರ್ನ್‌ವಾಲಿಸನಿಗೂ ಸಿಂಹದ ಅಡಿಯ ಹುಲಿಗೂ ಇರುವ ಅಂತರ ಅಲ್ಲಿದೆ.

‘ಪಂಚ್’ ೧೯೯೨ರಲ್ಲಿ ನಿಂತಿತು. ೧೯೯೬ರಲ್ಲಿ ಮತ್ತೆ ಹುಟ್ಟಿ ೨೦೦೨ರಲ್ಲಿ ಕೊನೆಗೊಂಡಿತು. ಆದರೆ ಆ ಪರಂಪರೆಯ ಒಂದು ಎಳೆ ನಮ್ಮಲ್ಲಿಗೂ ಬಂದಿದೆ. ಮೈಸೂರಿನಲ್ಲಿ ೧೯೨೧ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರು ಬಾಲ್ಯದಲ್ಲಿ ಲಂಡನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳನ್ನು ನೋಡಿ ಬೆಳೆದವರು. ‘ಲೋ’ ಎಂಬ ಸಹಿಯನ್ನು ‘ಕೌ’ ಎಂದು ಓದಿಕೊಂಡಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿದ ‘ಕೊರವಂಜಿ’ಯಲ್ಲಿ ಲಕ್ಷ್ಮಣರ ಮೊದಮೊದಲ ಚಿತ್ರಗಳು ಪ್ರಕಟವಾದವು. ಯುದ್ಧಕಾಲದ, ಸ್ವಾತಂತ್ರ್ಯದ ಹೊಸತಿಲ ಮೈಸೂರು ಯಾವುದನ್ನು ಕಂಡು ನಕ್ಕಿತು, ಯಾರನ್ನು ಕಂಡು ನಗದೆ ಉಳಿಯಿತು ಎಂಬ ಪ್ರಶ್ನೆಗೆ ಆ ಸಂಚಿಕೆಗಳು ಉತ್ತರ ಕೊಡಬಲ್ಲವು. ಅವುಗಳ ಮೇಲೆ ತೇದಿ ಇದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರು ಈ ಕೆಲಸಕ್ಕೆ ಕೈಹಾಕಿದರೆ ಪ್ರಕೃತ ಲೇಖನದ ಶ್ರಮ ಸಾರ್ಥಕವಾದಂತೆ.