ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ನಮ್ಮನ್ನು ನೋಡುವ ವೈದ್ಯರು ಯಾರು? ಅವರ ಓದೇನು?

ಸದಸ್ಯ ಬಾಂಧವರ ಮಾಹಿತಿಗಾಗಿ

ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಮೈಸೂರಿಗೆ, ರಾಯದುರ್ಗದವರು ಬಳ್ಳಾರಿಗೆ, ಆದೋನಿಯವರು ಕರ್ನೂಲಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ, ಜತ್ತದವರು ಮಿರಜಿಗೆ. ದೊಡ್ಡ ಕಾಯಿಲೆ ಬಂದಾಗ ನಮ್ಮವರು ಹೋಗುವುದು ಹೆಚ್ಚಾಗಿ ಇಂಥ ಊರುಗಳ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ. ಅಲ್ಲಿ ಒಬ್ಬ ರೋಗಿಯ ಹಾಸಿಗೆಯ ಬಳಿಗೆ ದಿನಕ್ಕೆ ಐದಾರು ಜನ ಬಿಳಿ ಕೋಟಿನವರು ಬಂದು ಹೋಗುತ್ತಾರೆ. ಯಾರು ಯಾರೆಂದು ತಿಳಿಯದೆ ಹೇಳಬೇಕಾದ ಮಾತು ಹೇಳದೆಯೇ ಉಳಿಯುತ್ತದೆ. ಆದ್ದರಿಂದ ಈ ವಿವರ.

ಕೆಳಗಿನಿಂದ ಮೇಲಕ್ಕೆ

ವಿದ್ಯಾರ್ಥಿ: ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ. ಇವರು ಕಲಿಯಲು ಬಂದವರು, ಚಿಕಿತ್ಸೆ ನಿರ್ಧರಿಸುವವರಲ್ಲ.

ಹೌಸ್ ಸರ್ಜನ್: ಪರೀಕ್ಷೆ ಮುಗಿಸಿ ಒಂದು ವರ್ಷದ ಕಡ್ಡಾಯ ತರಬೇತಿಯಲ್ಲಿರುವವರು. ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ. ಪ್ರಮಾಣಪತ್ರಕ್ಕೆ ಇವರ ಸಹಿ ಸಾಲದು.

ಜೂನಿಯರ್ ರೆಸಿಡೆಂಟ್: ಜನ 'ಪಿ.ಜಿ. ಡಾಕ್ಟರ್' ಎನ್ನುವುದು ಇವರನ್ನೇ. ಎಂ.ಬಿ.ಬಿ.ಎಸ್. ಮುಗಿಸಿ ನೋಂದಣಿಯಾದ ಪೂರ್ಣ ವೈದ್ಯರು. ಮೂರು ವರ್ಷದ ಎಂ.ಡಿ. ಅಥವಾ ಎಂ.ಎಸ್. ಮಾಡುತ್ತಿರುತ್ತಾರೆ. ಕೇಸ್ ಶೀಟ್ ಬರೆಯುವವರು, ನಡುರಾತ್ರಿ ಕರೆದರೆ ಬರುವವರು ಹೆಚ್ಚಾಗಿ ಇವರೇ. 'ಚಿಕ್ಕ ಹುಡುಗ, ಇವರಿಗೇನು ಹೇಳುವುದು' ಎಂದು ಸುಮ್ಮನಿರಬಾರದು. ಹಳೆಯ ಕಾಯಿಲೆ, ಔಷಧಿ, ಅಲರ್ಜಿ ಎಲ್ಲವನ್ನೂ ಇವರ ಹತ್ತಿರ ಹೇಳಿದರೇ ಅದು ದಾಖಲೆಗೆ ಸೇರುತ್ತದೆ.

ಸೀನಿಯರ್ ರೆಸಿಡೆಂಟ್: ಎಂ.ಡಿ. ಅಥವಾ ಎಂ.ಎಸ್. ಮುಗಿಸಿದ ತಜ್ಞರು.

ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್: ಚಿಕಿತ್ಸೆಯ ಜೊತೆಗೆ ಪಾಠವನ್ನೂ ಮಾಡುವ ತಜ್ಞರು. ಮೇಲಿನ ಹುದ್ದೆಗೆ ಬೋಧನಾ ಅನುಭವ ಮತ್ತು ಪ್ರಕಟಿತ ಸಂಶೋಧನಾ ಲೇಖನಗಳು ಬೇಕು.

ಹೆಸರಿನ ಮುಂದಿನ ಅಕ್ಷರಗಳು

ಎಂ.ಡಿ. ಎಂದರೆ ಸಾಮಾನ್ಯವಾಗಿ ಔಷಧಿ ಚಿಕಿತ್ಸೆಯ ಕಡೆ, ಎಂ.ಎಸ್. ಎಂದರೆ ಶಸ್ತ್ರಚಿಕಿತ್ಸೆಯ ಕಡೆ. ಅದರ ಮೇಲೆ ಮತ್ತೆ ಮೂರು ವರ್ಷ ಓದಿದರೆ ಡಿ.ಎಂ. (ಹೃದಯ, ನರ, ಮೂತ್ರಪಿಂಡ ಮುಂತಾದವು) ಅಥವಾ ಶಸ್ತ್ರಚಿಕಿತ್ಸೆಯವರಿಗೆ ಎಂ.ಸಿಎಚ್. ಡಿ.ಎನ್.ಬಿ. ಎಂಬುದು ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ತಜ್ಞ ಪದವಿ. ಅಂಗರಚನೆ, ಜೀವರಸಾಯನ ವಿಭಾಗಗಳಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡಿದ 'ಡಾಕ್ಟರ್'ಗಳೂ ಇರುತ್ತಾರೆ. ಅವರು ಅಧ್ಯಾಪಕರು, ರೋಗಿಗಳನ್ನು ನೋಡುವವರಲ್ಲ.

ಯೂನಿಟ್ ಎಂದರೇನು?

ದೊಡ್ಡ ವಿಭಾಗಗಳನ್ನು ಯೂನಿಟ್‌ಗಳಾಗಿ ಹಂಚಿರುತ್ತಾರೆ. ಪ್ರತಿ ಯೂನಿಟ್‌ಗೂ ಒಬ್ಬ ಮುಖ್ಯಸ್ಥರು, ಗೊತ್ತಾದ ಓ.ಪಿ.ಡಿ. ದಿನಗಳು. ಯಾವ ಯೂನಿಟ್‌ನಲ್ಲಿ ದಾಖಲಾದಿರೋ ಅದೇ ಯೂನಿಟ್‌ನ ದಿನ ಮರುತಪಾಸಣೆಗೆ ಹೋಗಬೇಕು. ಬೇರೆ ದಿನ ಹೋದರೆ ಕಾಯಿಲೆಯ ಕಥೆಯನ್ನು ಹೊಸಬರ ಮುಂದೆ ಮೊದಲಿನಿಂದ ಹೇಳಬೇಕಾದೀತು. ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋದವರಿಗೆ ಅದು ಸಣ್ಣ ಕಷ್ಟವಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಯಾವ ಯೂನಿಟ್, ಯಾರು ಮಾಡುತ್ತಾರೆ ಎಂದು ಕೇಳಿ ತಿಳಿಯಿರಿ.

ಭಾಷೆಯ ವಿಷಯ

ಸರ್ಕಾರಿ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಸೀಟುಗಳಲ್ಲಿ ಶೇ. 15, ಎಂ.ಡಿ. ಮತ್ತು ಎಂ.ಎಸ್. ಸೀಟುಗಳಲ್ಲಿ ಶೇ. 50 ಅಖಿಲ ಭಾರತ ಕೋಟಾಕ್ಕೆ ಸೇರಿದವು. ಹೀಗಾಗಿ ಬಳ್ಳಾರಿಯಲ್ಲಿಯೂ ನಿಮ್ಮ ಮಾತು ಬರೆದುಕೊಳ್ಳುವ ರೆಸಿಡೆಂಟ್‌ಗೆ ಕನ್ನಡ ಬಾರದೇ ಇರಬಹುದು. ಹೌಸ್ ಸರ್ಜನ್‌ಗಳಲ್ಲಿ ಮತ್ತು ನರ್ಸ್‌ಗಳಲ್ಲಿ ಸ್ಥಳೀಯ ಭಾಷೆ ಬಲ್ಲವರು ಸಿಗುವ ಸಂಭವ ಹೆಚ್ಚು. ಅರ್ಥವಾಗದೆ ತಲೆಯಾಡಿಸುವ ಬದಲು ಅವರನ್ನು ಕರೆಸಿ ಎಂದು ಕೇಳಿ. ಕರ್ನೂಲು, ಸೊಲ್ಲಾಪುರಗಳಿಗೆ ಹೋಗುವಾಗ ತೆಲುಗು ಅಥವಾ ಮರಾಠಿ ಚೆನ್ನಾಗಿ ಬಲ್ಲವರೊಬ್ಬರು ಜೊತೆಗಿರಲಿ.

ನೋಂದಣಿ ಸಂಖ್ಯೆ ಮತ್ತು ದಾಖಲೆ

2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ವೈದ್ಯರು ಔಷಧಿ ಚೀಟಿ, ಪ್ರಮಾಣಪತ್ರ ಮತ್ತು ರಸೀದಿಗಳ ಮೇಲೆ ತಮ್ಮ ನೋಂದಣಿ ಸಂಖ್ಯೆ ನಮೂದಿಸಬೇಕು. ಆ ಸಂಖ್ಯೆ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಆಂಧ್ರದ್ದೋ ಆಗಿರಬಹುದು. ಯಾವ ರಾಜ್ಯದ ಕೌನ್ಸಿಲ್ ಕೊಟ್ಟಿದೆಯೋ ಅಲ್ಲಿ ಅದನ್ನು ಪರಿಶೀಲಿಸಬಹುದು. 2020ರಲ್ಲಿ ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿಯೂ ಹುಡುಕಲು ಅವಕಾಶವಿದೆ.

ಅದೇ ನಿಯಮಗಳಂತೆ, ಒಳರೋಗಿಯಾಗಿದ್ದವರು ಕೇಳಿದರೆ ಚಿಕಿತ್ಸಾ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ವಿಮೆಗೆ, ರಜೆಗೆ, ಇನ್ನೊಂದು ರಾಜ್ಯದ ಆಸ್ಪತ್ರೆಗೆ ಹೋಗುವುದಕ್ಕೆ ಇವು ಬೇಕೇ ಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಯೂನಿಟ್, ವೈದ್ಯರ ಹೆಸರು, ಸಹಿ, ಮೊಹರು ಇವೆಯೇ ಎಂದು ವಾರ್ಡು ಬಿಡುವ ಮೊದಲೇ ನೋಡಿಕೊಳ್ಳಿ. ಎರಡು ಜೆರಾಕ್ಸ್ ಪ್ರತಿ ಮನೆಯಲ್ಲಿರಲಿ.