ಉದ್ಯೋಗದ ಆಯ್ಕೆ: ಉಡುಪಿ ಸೀಮೆಯಲ್ಲಿ ಮೂರು ಘಟ್ಟಗಳು

ಮಲ್ಲಿಗೆಗೆ ಹೆಸರಾದ ಶಂಕರಪುರದಲ್ಲಿ ಹೂವಿನ ದರವು ದಿನಂಪ್ರತಿ ನಿಗದಿಯಾಗುತ್ತದೆ. ಅಂದಿನ ಬೆಲೆಯನ್ನು ಬೆಳೆಗಾರನು ಅಂದೇ ತಿಳಿಯಬಹುದು. ಅದೇ ಊರಿನ ಹೊಸ ಪದವೀಧರನು ಉದ್ಯೋಗಕ್ಕೆ ಅರ್ಜಿ ಸಲ್ಲಿಸಿದರೆ, ತನ್ನ ಯೋಗ್ಯತೆಯನ್ನು ಯಾರು, ಯಾವ ಮಾನದಂಡದಿಂದ ಅಳೆದರೆಂಬುದನ್ನು ತಿಳಿಯಬಲ್ಲನೇ? ಈ ಸೀಮೆಯ ಬ್ಯಾಂಕುಗಳ ಚರಿತ್ರೆಯು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆಯು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. 1925ರಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಸ್ಥಾಪಿಸಿದ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕ್ ಆಯಿತು. ಇವು ಖಾಸಗಿಯಾಗಿದ್ದ ಕಾಲದಲ್ಲಿ ನೇಮಕವು ಆಡಳಿತ ವರ್ಗದ ವಿವೇಚನೆಗೆ ಸೇರಿತ್ತು. ಅಲ್ಲಿ ಪಕ್ಷಪಾತಕ್ಕೆ ಎಡೆಯಿದ್ದರೂ, ತೀರ್ಮಾನಿಸಿದವನು ಮನುಷ್ಯನು, ಅವನನ್ನು ಕೇಳಬಹುದಾಗಿತ್ತು.

ಎರಡನೆಯ ಘಟ್ಟವು ರಾಷ್ಟ್ರೀಕರಣದ ಅನಂತರದ್ದು. ಸಿಂಡಿಕೇಟ್ ಬ್ಯಾಂಕು 1969ರಲ್ಲಿಯೂ ಕಾರ್ಪೊರೇಷನ್ ಬ್ಯಾಂಕು 1980ರಲ್ಲಿಯೂ ರಾಷ್ಟ್ರೀಕೃತವಾದುವು. ಕ್ರಮೇಣ ಲಿಖಿತ ಪರೀಕ್ಷೆಯೇ ಪ್ರವೇಶದ್ವಾರವಾಯಿತು; 2011ರಿಂದ ಸರ್ಕಾರಿ ಬ್ಯಾಂಕುಗಳ ಪೈಕಿ ಬಹುಪಾಲಿಗೆ ಐಬಿಪಿಎಸ್ ಸಂಸ್ಥೆಯು ಸಾಮಾನ್ಯ ಪರೀಕ್ಷೆ ನಡೆಸತೊಡಗಿತು. ತರಬೇತಿಗೆ ಹಣವಿಲ್ಲದವರಿಗೆ ಈ ಮಾರ್ಗವು ಸುಗಮವಾಗಿರಲಿಲ್ಲವೆಂಬುದು ನಿಜ. ಆದರೂ ಅಭ್ಯರ್ಥಿಯು ತನ್ನ ಅಂಕವನ್ನೂ ಆಯ್ಕೆಗೆ ಬೇಕಾದ ಅಂಕವನ್ನೂ ಹೋಲಿಸಿ ನೋಡಬಹುದಾಯಿತು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ಅನ್ಯ ಬ್ಯಾಂಕುಗಳಲ್ಲಿ ವಿಲೀನವಾದುವು. ಪರೀಕ್ಷಾಪದ್ಧತಿಯು ಮಾತ್ರ ಉಳಿಯಿತು.

ಮೂರನೆಯ ಘಟ್ಟವನ್ನು ನಾವು ಈಗ ಕಾಣುತ್ತಿದ್ದೇವೆ. ಅನೇಕ ಖಾಸಗಿ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವುದು ಕೃತಕ ಬುದ್ಧಿಮತ್ತೆಯ ಯಂತ್ರ. ಅಭ್ಯರ್ಥಿಗಳೂ ಅಂಥ ಯಂತ್ರದಿಂದಲೇ ಅರ್ಜಿ ಬರೆಯಿಸುತ್ತಿರುವುದರಿಂದ ಅರ್ಜಿಗಳು ಹೆಚ್ಚಿ, ಒಂದನ್ನೊಂದು ಹೋಲತೊಡಗಿವೆ. ಅದರಿಂದ ಜರಡಿಯ ಅಗತ್ಯವೂ ಹೆಚ್ಚುತ್ತದೆ. ಯಂತ್ರವು ಹಿಂದಿನ ನೇಮಕಗಳಿಂದಲೇ ಕಲಿತರೆ ಹಿಂದಿನ ದೋಷಗಳನ್ನೂ ಕಲಿಯುತ್ತದೆ. ಅಮೆಜಾನ್ ಸಂಸ್ಥೆಯ ಪ್ರಾಯೋಗಿಕ ಯಂತ್ರವು ಮಹಿಳೆಯರ ಅರ್ಜಿಗಳನ್ನು ಕೆಳಗಿಳಿಸುತ್ತಿದ್ದುದರಿಂದ ಅದನ್ನು ಕೈಬಿಡಲಾಯಿತೆಂದು 2018ರಲ್ಲಿ ಪ್ರಕಟವಾಯಿತು. ನೇಮಕದಲ್ಲಿ ಬಳಸುವ ಇಂಥ ಯಂತ್ರಗಳನ್ನು ಐರೋಪ್ಯ ಒಕ್ಕೂಟದ 2024ರ ಕಾನೂನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ.

ಪರೀಕ್ಷೆಯ ಹಿರಿಮೆಯು ಅದು ನಿರ್ದೋಷವಾಗಿತ್ತೆಂಬುದರಲ್ಲಿ ಇಲ್ಲ. ತಿರಸ್ಕೃತನಾದವನಿಗೂ ತನ್ನ ಅಳತೆ ತಿಳಿಯುತ್ತಿತ್ತೆಂಬುದರಲ್ಲಿ ಇದೆ. ಅನುಭವವಿಲ್ಲದ ಹೊಸಬನಿಗೆ ಆ ತಿಳಿವಳಿಕೆಯೇ ಮುಂದಿನ ಪ್ರಯತ್ನದ ಬಂಡವಾಳ. ಯಂತ್ರವು ವೇಗವನ್ನು ತಂದು ಕಾರಣವನ್ನು ಮರೆಮಾಡಿದರೆ, ನಾವು ಎರಡನೆಯ ಘಟ್ಟದಿಂದ ಮುಂದೆ ಹೋದಂತಾಗದು; ಕೇಳಲು ಮನುಷ್ಯನೂ ಇಲ್ಲದ ಮೊದಲನೆಯ ಘಟ್ಟಕ್ಕೆ ಮರಳಿದಂತಾಗುವುದು.